ಬೋಟ್ಸ್ವಾನಾದಲ್ಲಿ ಸ್ಟಿಯರಿಂಗ್ ನಮ್ಮ ಕೈಗೆ: ಮಾರ್ಗದರ್ಶಿಯ ಬೆನ್ನ ಹಿಂದಿನ ಶಿಬಿರ ಸಫಾರಿ

ದಾಂಡೇಲಿಯ ಕಡೆಯಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸಫಾರಿಗೆ ಹೋಗಿಬಂದ ಹುಬ್ಬಳ್ಳಿ-ಧಾರವಾಡದವರಿಗೆ ನಮ್ಮ ದೇಶದ ವ್ಯವಸ್ಥೆ ಗೊತ್ತೇ ಇದೆ. ನಿಗದಿತ ಹೊತ್ತು, ನಿಗದಿತ ದಾರಿ, ಅನುಮತಿ ಪಡೆದ ಜೀಪು, ಅದಕ್ಕೊಬ್ಬ ಚಾಲಕ. ನಾವು ಹಿಂದಿನ ಸೀಟಿನಲ್ಲಿ ಕುಳಿತು ನೋಡುವವರು ಮಾತ್ರ. ಆಫ್ರಿಕಾದ ದಕ್ಷಿಣ ಭಾಗದ ದೇಶಗಳಲ್ಲಿ ಹಾಗಲ್ಲ. ಬೋಟ್ಸ್ವಾನಾದ ಮೊರೆಮಿ ಅಭಯಾರಣ್ಯಕ್ಕಾಗಲಿ ಚೋಬೆ ರಾಷ್ಟ್ರೀಯ ಉದ್ಯಾನಕ್ಕಾಗಲಿ ಪ್ರವಾಸಿಯು ತಾನೇ ಫೋರ್ ವ್ಹೀಲ್ ಡ್ರೈವ್ ಗಾಡಿ ಓಡಿಸಿಕೊಂಡು ಹೋಗಿ, ಬೇಲಿಯಿಲ್ಲದ ಬಯಲಿನಲ್ಲಿ ಗುಡಾರ ಬಿಚ್ಚಿ ಮಲಗಬಹುದು. ಆನೆಯೋ ಸಿಂಹವೋ ಅದೇ ಬಯಲನ್ನು ಹಾದುಹೋದರೆ ತಕರಾರು ಮಾಡುವ ಹಕ್ಕು ಮಲಗಿದವನಿಗೆ ಇಲ್ಲ. ಒಂಟಿಯಾಗಿ ಹೀಗೆ ಹೋಗುವ ಧೈರ್ಯವಿಲ್ಲದವರಿಗೆ, ಆದರೆ ಚಾಲಕನ ಸೀಟನ್ನು ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ನಡುವಿನದೊಂದು ಏರ್ಪಾಡಿದೆ. ಅದರಲ್ಲಿ ಅನುಭವಿ ಮಾರ್ಗದರ್ಶಿಯೊಬ್ಬ ಮುಂದಿನ ಗಾಡಿಯಲ್ಲಿ ಹೋಗುತ್ತಾನೆ, ಬಾಡಿಗೆ ಗಾಡಿಗಳಲ್ಲಿ ನಾವು ಅವನ ಹಿಂದೆ ಹೋಗುತ್ತೇವೆ, ಮಾತುಕತೆಯೆಲ್ಲ ರೇಡಿಯೊದಲ್ಲಿ ನಡೆಯುತ್ತದೆ. ಈ ಬರಹ ಅಂಥ ಒಂದು ಸೇವೆಯ ವಿಮರ್ಶೆ.

ಹುಬ್ಬಳ್ಳಿ ಮತ್ತು ಧಾರವಾಡದ ಕೆಲವು ಕುಟುಂಬಗಳು ಸೇರಿ ಒಣ ಋತುವಿನಲ್ಲಿ ಈ ಪ್ರವಾಸ ಮಾಡಿದೆವು. ಮಾವುನ್ ಪಟ್ಟಣದಿಂದ ಹೊರಟು, ಮೊರೆಮಿಯ ದಕ್ಷಿಣ ದ್ವಾರ ಮತ್ತು ಥರ್ಡ್ ಬ್ರಿಜ್, ಅಲ್ಲಿಂದ ಖ್ವಾಯ್ ನದಿಯ ದಂಡೆ, ಮಬಾಬೆಯ ತಗ್ಗು ದಾಟಿ ಸವೂಟಿ, ಕೊನೆಗೆ ಚೋಬೆ ನದಿಯ ಪಕ್ಕದ ಇಹಾಹಾ ಶಿಬಿರ ಮತ್ತು ಕಸಾನೆ ಪಟ್ಟಣ, ಹೀಗೆ ನಮ್ಮ ದಾರಿ. ಸೇವೆ ಕೊಟ್ಟ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇದೇ ದಾರಿಯನ್ನು ಇದೇ ಬಗೆಯಲ್ಲಿ ಮಾಡಿಸುವವರು ಅಲ್ಲಿ ಹಲವರಿದ್ದಾರೆ. ಯಾರನ್ನು ಆಯ್ದರೂ ಏನನ್ನು ಕೇಳಿ ತಿಳಿದುಕೊಳ್ಳಬೇಕು, ಕೊಟ್ಟ ಹಣಕ್ಕೆ ಏನು ಸಿಗಬೇಕು ಎಂಬುದನ್ನು ಹೇಳುವುದು ಇಲ್ಲಿಯ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಸೇವೆಯಲ್ಲಿ ನಾವು ಕೊಳ್ಳುವುದು ಪ್ರಾಣಿದರ್ಶನವನ್ನಲ್ಲ, ಒಬ್ಬ ಮನುಷ್ಯನ ತಿಳಿವಳಿಕೆಯನ್ನು. ಗಾಡಿ, ಗುಡಾರ, ಫ್ರಿಜ್ ಎಲ್ಲವೂ ಬಾಡಿಗೆಗೆ ಪ್ರತ್ಯೇಕವಾಗಿಯೂ ಸಿಗುತ್ತವೆ. ಮುಂದಿನ ಗಾಡಿಯಲ್ಲಿ ಕುಳಿತವನು ಒಳ್ಳೆಯವನಾದರೆ ಉಳಿದ ಕೊರತೆಗಳನ್ನು ಸಹಿಸಬಹುದು, ಅವನು ಸಾಧಾರಣವಾದರೆ ಅತ್ಯುತ್ತಮ ಗಾಡಿಯೂ ನಿಷ್ಪ್ರಯೋಜಕ.

ಊರಿನಲ್ಲಿ ಮಾಡಿಕೊಳ್ಳಬೇಕಾದ ಸಿದ್ಧತೆ ಹೆಚ್ಚೇನಿಲ್ಲ. ಅಂತರರಾಷ್ಟ್ರೀಯ ಚಾಲನಾ ಪರವಾನಿಗೆಯನ್ನು ನಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ. ಅದು 1 ವರ್ಷಕ್ಕೆ ಮಾತ್ರ ಸಿಂಧುವಾದುದರಿಂದ ತೀರ ಮುಂಚೆ ಮಾಡಿಸಿಡುವುದರಲ್ಲಿ ಅರ್ಥವಿಲ್ಲ. ಬೋಟ್ಸ್ವಾನಾದಲ್ಲಿಯೂ ವಾಹನಗಳು ರಸ್ತೆಯ ಎಡಕ್ಕೇ ಚಲಿಸುತ್ತವೆ, ಸ್ಟಿಯರಿಂಗ್ ಬಲಕ್ಕಿರುತ್ತದೆ, ಹಾಗಾಗಿ ನಮ್ಮವರಿಗೆ ಯುರೋಪಿನವರಷ್ಟು ಗೊಂದಲವಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೋ ಮುಂಬಯಿಗೋ ಹೋಗಿ, ನಡುವೆ ಒಂದು ನಿಲುಗಡೆಯೊಂದಿಗೆ ಜೊಹಾನ್ಸ್‌ಬರ್ಗ್ ತಲುಪಿದರೆ, ಅಲ್ಲಿಂದ ಮಾವುನ್‌ಗೆ ಏರ್‌ಲಿಂಕ್ ವಿಮಾನಗಳಿವೆ. ಉತ್ತರ ಬೋಟ್ಸ್ವಾನಾ ಮಲೇರಿಯಾ ಇರುವ ಪ್ರದೇಶವಾದ್ದರಿಂದ ಮುನ್ನೆಚ್ಚರಿಕೆಯ ಮಾತ್ರೆಗಳ ಬಗ್ಗೆ ವೈದ್ಯರನ್ನು ಕೇಳುವುದು ಕಡ್ಡಾಯವೆಂದೇ ತಿಳಿಯಬೇಕು. ಹಳದಿ ಜ್ವರದ ಅಪಾಯವಿರುವ ದೇಶಗಳ ಮೂಲಕ ಹೋಗಿಬರುವ ಟಿಕೆಟ್ ಅಗ್ಗವಾಗಿ ಕಂಡರೆ, ಲಸಿಕೆಯ ನಿಯಮವನ್ನು ನೋಡಿದ ಮೇಲೆಯೇ ಹಣ ಕಟ್ಟಬೇಕು.

ಮಾವುನ್‌ನ ಅಂಗಳದಲ್ಲಿ ಗಾಡಿಗಳನ್ನು ನಮಗೆ ಒಪ್ಪಿಸಿದ ರೀತಿಯೇ ಸಂಸ್ಥೆಯ ಬಗ್ಗೆ ಮೊದಲ ಒಳ್ಳೆಯ ಅಭಿಪ್ರಾಯ ಮೂಡಿಸಿತು. ಡಬಲ್ ಕ್ಯಾಬ್ ಟೊಯೋಟಾ ಹೈಲಕ್ಸ್ ಗಾಡಿಗಳು. ಮೇಲ್ಛಾವಣಿಯ ಮೇಲೆ ಮಡಚಿಟ್ಟ ಗುಡಾರ, ಅದಕ್ಕೊಂದು ಏಣಿ. ಹಿಂಭಾಗದಲ್ಲಿ ಎರಡನೆಯ ಬ್ಯಾಟರಿಯಿಂದ ನಡೆಯುವ ಫ್ರಿಜ್, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಪಾತ್ರೆಪಡಗ, ಮಡಚುವ ಕುರ್ಚಿಗಳು. ಎರಡು ಹೆಚ್ಚುವರಿ ಟೈರು, ಎತ್ತರದ ಜಾಕು, ಗುದ್ದಲಿ, ಗಾಳಿ ತುಂಬುವ ಕಂಪ್ರೆಸರ್. ಪಟ್ಟಿ ಓದಿ ಸಹಿ ಹಾಕಿಸಿಕೊಂಡು ಕೀಲಿಕೈ ಕೊಟ್ಟು ಕಳಿಸಿಬಿಡುವುದು ಸುಲಭವಿತ್ತು. ಮಾರ್ಗದರ್ಶಿ ಹಾಗೆ ಮಾಡಲಿಲ್ಲ. ಪ್ರತಿ ಗಾಡಿಯ ಜಾಕನ್ನು ನಮ್ಮ ಕೈಯಿಂದಲೇ ಹಾಕಿಸಿದ, ಗುಡಾರವನ್ನು ನಮ್ಮ ಕೈಯಿಂದಲೇ ಬಿಚ್ಚಿಸಿ ಮತ್ತೆ ಮಡಚಿಸಿದ, ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಲೋ ರೇಂಜ್ ಗೇರಿಗೆ ಹಾಕುವುದನ್ನೂ, ಎರಡೂ ಬದಿಯ ಚಕ್ರಗಳು ಒಟ್ಟಿಗೆ ತಿರುಗುವಂತೆ ಮಾಡುವ ಡಿಫ್ ಲಾಕ್ ಒತ್ತುವುದನ್ನೂ ಗಾಡಿ ಓಡಿಸುವ ಪ್ರತಿಯೊಬ್ಬರಿಂದ ಮಾಡಿಸಿ ನೋಡಿದ. ನಮ್ಮ ಗುಂಪಿನ ಹೆಣ್ಣುಮಕ್ಕಳು ಗಾಡಿ ಓಡಿಸುವುದಿಲ್ಲ ಎಂದು ಊಹಿಸದೆ ಅವರನ್ನೂ ಕರೆದು ಕಲಿಸಿದ್ದು ನನಗೆ ವಿಶೇಷವಾಗಿ ಹಿಡಿಸಿತು, ಏಕೆಂದರೆ ಮುಂದೆ ಸವೂಟಿಯ ಮರಳಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗಾಡಿ ನಡೆಸಿದವರು ಧಾರವಾಡದ ಒಬ್ಬ ಶಿಕ್ಷಕಿ.

ಮರಳಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಪ್ರವಾಸದ ನಿಜವಾದ ಪರೀಕ್ಷೆ ಸಿಂಹವಲ್ಲ, ಮರಳು. ಉತ್ತರ ಬೋಟ್ಸ್ವಾನಾದ ಬಹುಭಾಗವನ್ನು ಕಲಹರಿಯ ಮರಳು ಮುಚ್ಚಿದೆ. ಡಾಂಬರು ಮುಗಿಯುತ್ತಲೇ ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿ, ಟೈರಿನ ಗಾಳಿಯನ್ನು 32 ಪಿಎಸ್‌ಐ ಆಸುಪಾಸಿನಿಂದ 20ರ ಹತ್ತಿರಕ್ಕೆ ಇಳಿಸಿದ. ಗಾಳಿ ಕಡಿಮೆಯಾದರೆ ಟೈರು ಚಪ್ಪಟೆಯಾಗಿ ನೆಲವನ್ನು ಹೆಚ್ಚು ಅಗಲಕ್ಕೆ ಮುಟ್ಟುತ್ತದೆ, ಭಾರ ಹಂಚಿಹೋಗುತ್ತದೆ, ಮರಳನ್ನು ಕೊರೆದುಕೊಂಡು ಕೆಳಗಿಳಿಯುವ ಬದಲು ಅದರ ಮೇಲೆ ಸಾಗುತ್ತದೆ. ಗಾಡಿ ಓಟ ಕಳೆದುಕೊಳ್ಳಬಾರದು, ಗಕ್ಕನೆ ಬ್ರೇಕ್ ಹಾಕಬಾರದು, ಚಕ್ರ ಸುಮ್ಮನೆ ತಿರುಗತೊಡಗಿದರೆ ಆಕ್ಸಿಲರೇಟರ್ ಒತ್ತದೆ ನಿಂತು, ಬಂದ ಗಾಲಿಜಾಡಿನಲ್ಲೇ ಹಿಂದಕ್ಕೆ ಬಂದು ಮತ್ತೆ ಹೋಗಬೇಕು. ಮುಂಜಾನೆ ತಂಪಿನಲ್ಲಿ ಮರಳು ಬಿಗಿಯಾಗಿರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸಡಿಲಾಗುತ್ತದೆ. ಆದ್ದರಿಂದಲೇ ಕಷ್ಟದ ದಾರಿಯ ದಿನಗಳಲ್ಲಿ ಅವನು ಚಹಾಕ್ಕೂ ಹೆಚ್ಚು ಹೊತ್ತು ಕೊಡದೆ ಹೊರಡಿಸುತ್ತಿದ್ದ.

ನಮ್ಮ ಕಡೆಯವರಿಗೆ ಇಲ್ಲೊಂದು ಅನುಕೂಲವೂ ಇದೆ. ನವಲಗುಂದ, ನರಗುಂದದ ಎರೆ ಹೊಲದ ದಾರಿಯಲ್ಲಿ ಮಳೆಗಾಲದಲ್ಲಿ ಗಾಡಿ ನಡೆಸಿದವರು ನೆಲವನ್ನು ನೋಡಿ ಗೇರು ಹಾಕುವುದನ್ನು ಮೊದಲೇ ಕಲಿತಿರುತ್ತಾರೆ. ಖ್ವಾಯ್‌ಯಿಂದ ಸವೂಟಿಗೆ ಎರಡು ದಾರಿಗಳಿದ್ದು, ಒಂದು ಮರಳದಿಬ್ಬದ ಮೇಲೆ ಹೋಗುತ್ತದೆ, ಇನ್ನೊಂದು ಮಬಾಬೆಯ ತಗ್ಗಿನ ಜೌಗು ದಾರಿ. ಆ ತಗ್ಗು ಬಹಳ ಹಿಂದೆ ಮಕ್‌ಗಾಡಿಕ್‌ಗಾಡಿ ಎಂಬ ಮಹಾ ಸರೋವರದ ತಳವಾಗಿತ್ತು, ಮರಳದಿಬ್ಬ ಅದರ ದಂಡೆಯಾಗಿತ್ತು. ತಗ್ಗಿನ ಮಣ್ಣು ನಮ್ಮ ಎರೆಯಂಥದೇ: ಕಪ್ಪು, ಒಣಗಿದಾಗ ಬಿರುಕು ಬಿಡುವಂಥದು, ಹಸಿಯಾದಾಗ ಯಾವ ಗಾಡಿಯನ್ನೂ ಬಿಡದಂಥದು. ಮಳೆಗಾಲದಲ್ಲಿ ಆ ದಾರಿಯನ್ನು ಯಾರೂ ಹಿಡಿಯುವುದಿಲ್ಲ. ಒಣ ಋತುವಾದುದರಿಂದ ನಮ್ಮನ್ನು ಅದೇ ದಾರಿಯಲ್ಲಿ ಕರೆದೊಯ್ದರು, ಮತ್ತು ಗಟ್ಟಿಯಾಗಿ ನಿಂತ ಹಳೆಯ ಗಾಲಿಜಾಡುಗಳ ಮೇಲೆ ಬೆನ್ನುಮೂಳೆ ಎಣಿಸಿಕೊಳ್ಳುವಂಥ ಕುಲುಕಾಟ ಅನುಭವಿಸಿದೆವು. ಬೆನ್ನು ನೋವಿನವರು ಈ ಒಂದು ದಿನವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ಇನ್ನು ಸಾಲಿನಲ್ಲಿ ಹೋಗುವುದರ ಸಮಸ್ಯೆ. ಮುಂದಿನ ಗಾಡಿಯ ಧೂಳು ಹಿಂದಿನವರ ಪಾಲು ಎಂಬುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಧೂಳು ತಪ್ಪಿಸಲು ಅಂತರ ಬಿಟ್ಟರೆ ಮುಂದಿನ ತಿರುವು ಕಾಣದು, ಹತ್ತಿರ ಹೋದರೆ ಉಸಿರು ಕಟ್ಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಪ್ರಾಣಿ ಕಾಣಿಸಿದಾಗ ಬರುತ್ತದೆ: ಚಿರತೆ ರಸ್ತೆ ದಾಟುವಾಗ ಮೊದಲ ಗಾಡಿಗೆ ಇಡೀ ಚಿರತೆ ಕಂಡರೆ, ಕೊನೆಯ ಗಾಡಿಗೆ ಅಲುಗಾಡುವ ಪೊದೆ ಮಾತ್ರ ಕಾಣುತ್ತದೆ. ನಮ್ಮ ಮಾರ್ಗದರ್ಶಿ ಪ್ರತಿದಿನ ಗಾಡಿಗಳ ಸರದಿ ಬದಲಿಸುತ್ತಿದ್ದ. ಪ್ರತಿ ಕವಲಿನಲ್ಲಿ ಹಿಂದಿನ ಗಾಡಿ ಕಾಣುವ ತನಕ ನಿಲ್ಲುವುದು ನಮ್ಮೆಲ್ಲರ ಜವಾಬ್ದಾರಿಯಾಗಿತ್ತು. ರೇಡಿಯೊದಲ್ಲಿ ಅವನು ಸುಮ್ಮನೆ ಹೆಸರು ಹೇಳಿ ಮುಂದೆ ಹೋಗುವವನಲ್ಲ. ಎಲ್ಲಿ ನಿಲ್ಲಬೇಕು, ಯಾರು ಮುಂದೆ ಬರಬೇಕು, ಯಾವ ಮರದ ಎಡಕ್ಕೆ ನೋಡಬೇಕು ಎಂದು ಸಾವಧಾನವಾಗಿ ಹೇಳಿ, ತಾನು ಹಿಂದೆ ಸರಿದು ನಮಗೆ ಜಾಗ ಮಾಡಿಕೊಡುತ್ತಿದ್ದ. ಇಷ್ಟಾದರೂ ನಾಲ್ಕಕ್ಕಿಂತ ಹೆಚ್ಚು ಗಾಡಿಗಳ ಸಾಲು ಈ ಕಾಡಿಗೆ ಹೊಂದುವುದಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ದಾರಿಯಲ್ಲಿ ಎದುರಾದ ಬೇರೊಂದು ಗುಂಪಿನ ಉದ್ದನೆಯ ಸಾಲನ್ನು ಕಂಡಾಗ, ಅದರ ಕೊನೆಯ ಗಾಡಿಯವರ ಬಗ್ಗೆ ಮರುಕವೇ ಹುಟ್ಟಿತು.

ಮೊರೆಮಿಗೆ ಅದರದೇ ಆದ ಒಂದು ಹಿರಿಮೆ ಇದೆ. ಅಲ್ಲಿಯ ಬಟವಾನ ಜನರೇ 1963ರಲ್ಲಿ ತಮ್ಮ ನೆಲವನ್ನು ಅಭಯಾರಣ್ಯವಾಗಿ ಎತ್ತಿಟ್ಟರು. ಅದು ಒಕವಾಂಗೊ ನದಿ ಹರಡಿಕೊಳ್ಳುವ ಪ್ರದೇಶದ ಪೂರ್ವಭಾಗದಲ್ಲಿದೆ. ಅಂಗೋಲಾದ ಎತ್ತರದ ನಾಡಿನಲ್ಲಿ ಸುರಿದ ಮಳೆ ತಿಂಗಳುಗಟ್ಟಲೆ ನಿಧಾನವಾಗಿ ಹರಿದು, ಬೋಟ್ಸ್ವಾನಾದಲ್ಲಿ ಮಳೆಯೇ ಇಲ್ಲದ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿಗೆ ತಲುಪುತ್ತದೆ. ಸಮುದ್ರವನ್ನು ಸೇರದೆ ಇಲ್ಲಿಯೇ ಮರಳಿನಲ್ಲಿ ಇಂಗಿ, ಬಿಸಿಲಿಗೆ ಆರಿ ಮುಗಿಯುತ್ತದೆ. ಯುನೆಸ್ಕೊ 2014ರಲ್ಲಿ ತನ್ನ ವಿಶ್ವ ಪರಂಪರೆಯ ಪಟ್ಟಿಗೆ 1000ನೆಯ ತಾಣವಾಗಿ ಸೇರಿಸಿದ್ದು ಒಕವಾಂಗೊ ಹರಡಿಕೊಳ್ಳುವ ಈ ಪ್ರದೇಶವನ್ನೇ. ಇದರ ಪ್ರಾಯೋಗಿಕ ಅರ್ಥವೇನೆಂದರೆ, ಒಣ ಋತುವಿನಲ್ಲಿ ಹೋದರೂ ದಾರಿಯಲ್ಲಿ ನೀರು ದಾಟಬೇಕಾಗುತ್ತದೆ, ಮತ್ತು ಯಾವ ದಾಟು ಈ ವಾರ ಸುರಕ್ಷಿತ ಎಂಬುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಬಾಡಿಗೆ ಗಾಡಿಯ ವಿಮೆ ಸಾಮಾನ್ಯವಾಗಿ ನೀರಿನಿಂದಾದ ಹಾನಿಯನ್ನು ಒಳಗೊಳ್ಳುವುದಿಲ್ಲ. ಎದುರಿನಿಂದ ಬಂದ ಚಾಲಕರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತ, ಒಂದು ದಾಟಿನ ಮುಂದೆ ನಿಂತು ನೋಡಿ ಗಾಡಿ ತಿರುಗಿಸಿ, ಒಂದು ತಾಸು ಹೆಚ್ಚು ಹಿಡಿಯುವ ಬಳಸುದಾರಿಯಲ್ಲಿ ನಮ್ಮನ್ನು ಒಯ್ದ ಮಾರ್ಗದರ್ಶಿಗೆ ಕೊಟ್ಟ ಹಣ ಆ ಒಂದೇ ನಿರ್ಧಾರದಲ್ಲಿ ವಸೂಲಾಯಿತು.

ಥರ್ಡ್ ಬ್ರಿಜ್ ಶಿಬಿರ ತನ್ನ ಮರದ ತೊಲೆಗಳ ಸೇತುವೆಗೆ ಹೆಸರಾದದ್ದು. ಬಬೂನ್ ಕೋತಿಗಳಿಗೂ ಅಷ್ಟೇ ಹೆಸರಾದದ್ದು. ಊಟದ ಮೇಜಿನಿಂದ ನಾಲ್ಕು ಹೆಜ್ಜೆ ಆಚೆ ಹೋದರೆ ಸಾಕು, ಬ್ರೆಡ್ಡು ಮಾಯವಾಗುತ್ತದೆ. ರಾತ್ರಿಯ ನಿಯಮಗಳು ಕಟ್ಟುನಿಟ್ಟು. ಕತ್ತಲಾದ ಮೇಲೆ ಒಬ್ಬರೇ ಬೆಂಕಿಯ ಬೆಳಕಿನಿಂದ ಆಚೆ ಹೋಗಬಾರದು. ಕತ್ತೆಕಿರುಬಗಳು ಚರ್ಮದ ವಾಸನೆ ಹಿಡಿದು ಬರುವುದರಿಂದ ಪಾದರಕ್ಷೆಗಳನ್ನು ನೆಲದ ಮೇಲೆ ಬಿಡಬಾರದು. ಆಹಾರವೆಲ್ಲ ಗಾಡಿಯೊಳಗೆ ಇರಬೇಕು. ಛಾವಣಿಯ ಗುಡಾರ ಸುರಕ್ಷಿತವೆನಿಸುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ, ಆದರೆ ನಡುರಾತ್ರಿ ಶೌಚಕ್ಕೆ ಏಣಿ ಇಳಿಯಬೇಕಾದ ಹಿರಿಯರಿಗೆ ಅದು ದೊಡ್ಡ ಕಷ್ಟ. ಅರವತ್ತು ದಾಟಿದವರನ್ನು ಕರೆದೊಯ್ಯುವವರು ನೆಲದ ಮೇಲಿನ ಗುಡಾರದ ಏರ್ಪಾಡು ಇದೆಯೇ ಎಂದು ಮೊದಲೇ ಕೇಳಬೇಕು. ಜೂನ್, ಜುಲೈ ತಿಂಗಳ ನಸುಕಿನ ಚಳಿ ನಮ್ಮ ಧಾರವಾಡದ ಚಳಿಯ ಲೆಕ್ಕಕ್ಕೆ ಸಿಗುವಂಥದಲ್ಲ. ಸಂಸ್ಥೆ ಕೊಟ್ಟ ಹೊದಿಕೆ ತೆಳ್ಳಗಿತ್ತು.

ಖ್ವಾಯ್‌ಯಲ್ಲಿ ಮಾರ್ಗದರ್ಶಿಯ ಬೆಲೆ ಇನ್ನೊಂದು ರೀತಿಯಲ್ಲಿ ತಿಳಿಯಿತು. ಮರಳಿನ ದಾರಿಯಲ್ಲಿ ಒಂದು ಹೆಜ್ಜೆಗುರುತು ಹಿಂದಿನ ಸಂಜೆಯ ಟೈರಿನ ಗುರುತಿನ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ನೋಡಿ ಅದು ರಾತ್ರಿಯದೋ ಹಗಲಿನದೋ ಎಂದು ಹೇಳುವುದು, ಇಂಪಾಲಾ ಜಿಂಕೆಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಸೀನಿದಂತೆ ಸದ್ದು ಮಾಡಿದರೆ ಎಂಜಿನ್ ನಿಲ್ಲಿಸಿ ಕಾಯುವುದು, ರಣಹದ್ದುಗಳು ಮರದ ಮೇಲೆ ಕುಳಿತಿವೆಯೋ ನೆಲಕ್ಕೆ ಇಳಿದಿವೆಯೋ ಎಂಬುದರಿಂದ ಬೇಟೆಗಾರ ಪ್ರಾಣಿ ಇನ್ನೂ ಅಲ್ಲಿದೆಯೋ ಇಲ್ಲವೋ ಎಂದು ಅಂದಾಜು ಮಾಡುವುದು, ಇವೆಲ್ಲವನ್ನೂ ಅವನು ಮಾಡುತ್ತಿದ್ದುದಲ್ಲದೆ ನಮಗೂ ಬಿಡಿಸಿ ಹೇಳುತ್ತಿದ್ದ. ಹಾಗೆ ಕಾದಿದ್ದರಿಂದಲೇ ಆಫ್ರಿಕಾದ ಕಾಡುನಾಯಿಗಳ ಒಂದು ಹಿಂಡು ನಮಗೆ ಕಂಡಿತು. ನಮ್ಮ ದಾಂಡೇಲಿಯ ಸೀಳುನಾಯಿಗೂ ಇದಕ್ಕೂ ಸಂಬಂಧ ದೂರದ್ದು. ಮೈಮೇಲೆ ಕಪ್ಪು, ಬಿಳಿ, ಹಳದಿ ಮಚ್ಚೆಗಳು, ದುಂಡನೆಯ ದೊಡ್ಡ ಕಿವಿಗಳು. ಇಡೀ ಖಂಡದಲ್ಲಿ ಸುಮಾರು 6,600 ಮಾತ್ರ ಉಳಿದಿವೆಯೆಂಬ ಅಂದಾಜಿರುವ ಈ ಪ್ರಾಣಿಗಳು ದಾರಿಯ ಪಕ್ಕ ಎದ್ದು, ಒಂದಕ್ಕೊಂದು ಮೂತಿ ತಾಗಿಸಿ, ಬೇಟೆಗೆ ಹೊರಟವು. ಅವು ಪೊದೆಗಳ ಆಚೆ ಹೋದಾಗ ಹಿಂಬಾಲಿಸೋಣವೆಂದು ನಮ್ಮಲ್ಲಿ ಒಬ್ಬರು ಆಗ್ರಹಿಸಿದರು. ಉದ್ಯಾನದ ದಾರಿ ಬಿಟ್ಟು ಗಾಡಿ ಇಳಿಸುವುದು ನಿಯಮಕ್ಕೆ ವಿರುದ್ಧ ಎಂದು ಮಾರ್ಗದರ್ಶಿ ಒಂದೇ ಮಾತಿನಲ್ಲಿ ನಿರಾಕರಿಸಿದ. ಗಿರಾಕಿಯ ಮನಸ್ಸು ಮುರಿಯುವ ಧೈರ್ಯವಿರುವ ಮಾರ್ಗದರ್ಶಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಆನೆಗಳ ವಿಷಯದಲ್ಲಿ ಅವನ ಪಾಠ ಇನ್ನೂ ಅಗತ್ಯದ್ದಾಗಿತ್ತು. ಬೋಟ್ಸ್ವಾನಾ, ಅಂಗೋಲಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆಗಳು ಹಂಚಿಕೊಂಡಿರುವ ಸಂರಕ್ಷಿತ ಪ್ರದೇಶದಲ್ಲಿ 2022ರಲ್ಲಿ ನಡೆದ ವೈಮಾನಿಕ ಎಣಿಕೆಯ ಪ್ರಕಾರ ಬೋಟ್ಸ್ವಾನಾ ಒಂದರಲ್ಲೇ ಸುಮಾರು 1.3 ಲಕ್ಷ ಆನೆಗಳಿವೆ. ಸವೂಟಿ ಮತ್ತು ಚೋಬೆಯಲ್ಲಿ ಅವು ದಾರಿಗೆ ಅಡ್ಡವಾಗಿ ನಿಲ್ಲುವುದು ದಿನಕ್ಕೆ ಹಲವು ಸಲ ನಡೆಯುತ್ತದೆ. ಹಾರ್ನ್ ಮುಟ್ಟಲೇಬಾರದು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ದಿನನಿತ್ಯ ಗಾಡಿ ಓಡಿಸುವ ಕೈಗೆ ಇದನ್ನು ಕಲಿಸುವುದು ಸುಲಭದ ಕೆಲಸವಲ್ಲ. ತಾಯಿ ಮತ್ತು ಮರಿಯ ನಡುವೆ ಗಾಡಿ ಬರಬಾರದು, ಹಿಂದಕ್ಕೆ ಹೋಗಲು ಯಾವಾಗಲೂ ಜಾಗ ಉಳಿಸಿಕೊಂಡಿರಬೇಕು, ಆನೆ ತಲೆ ಅಲ್ಲಾಡಿಸಿ ಕಿವಿ ಬಿಚ್ಚಿದರೆ ನಿಧಾನವಾಗಿ ಹಿಂದೆ ಸರಿಯಬೇಕು. ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ನೋಡುವಾಗ ಆನೆ ಒಂದು ದೃಶ್ಯ. ಸ್ಟಿಯರಿಂಗ್ ಹಿಡಿದು ಕುಳಿತಾಗ ಅದರ ಕಿವಿಯ ಸಣ್ಣ ಚಲನೆಯೂ ನಮ್ಮ ನಿರ್ಧಾರವನ್ನು ಕೇಳುತ್ತದೆ. ಈ ಬಗೆಯ ಸಫಾರಿಗೆ ಹೆಚ್ಚಿನ ಹಣ ಕೊಡಬಹುದು ಎನ್ನಲು ನನಗಿರುವ ಮುಖ್ಯ ಕಾರಣ ಇದೇ.

ಸವೂಟಿಯ ಶಿಬಿರದಲ್ಲಿ ಸ್ನಾನಗೃಹದ ಕಟ್ಟಡವನ್ನು ಕೋಟೆಯಂಥ ದಪ್ಪ ಗೋಡೆಯಿಂದ ಸುತ್ತುಗಟ್ಟಿದ್ದಾರೆ. ನೀರಿನ ವಾಸನೆ ಹಿಡಿದ ಆನೆಗಳು ಕೊಳವೆಗಳನ್ನು ಕಿತ್ತುಹಾಕುತ್ತಿದ್ದುದೇ ಇದಕ್ಕೆ ಕಾರಣ. ಅಲ್ಲಿಯ ಸವೂಟಿ ಕಾಲುವೆ 1980ರ ದಶಕದ ಆರಂಭದಲ್ಲಿ ಬತ್ತಿ, ಸುಮಾರು ಮೂರು ದಶಕಗಳ ನಂತರ 2010ರ ಹೊತ್ತಿಗೆ ಮತ್ತೆ ಹರಿದ ವಿಚಿತ್ರ ನೀರುದಾರಿ. ಬಿಸಿನೀರು ಸಿಕ್ಕಿತು, ಸ್ವಚ್ಛತೆ ಪರವಾಗಿಲ್ಲ. ಇಹಾಹಾದಲ್ಲಿ ಸ್ನಾನಗೃಹಗಳ ಸ್ಥಿತಿ ಅದಕ್ಕಿಂತ ಕೆಳಗೆ, ಆದರೆ ಜಾಗದ ಸೊಬಗು ಮೇಲೆ: ಗುಡಾರದ ಬಾಗಿಲಿಗೇ ಚೋಬೆ ನದಿಯ ಹುಲ್ಲುಬಯಲು, ಆಚೆ ದಂಡೆಯಲ್ಲಿ ನಮೀಬಿಯಾ.

ಊಟದ ಬಗ್ಗೆ ಶಾಕಾಹಾರಿಗಳು ಸ್ಪಷ್ಟವಾಗಿ ಮಾತಾಡಿಕೊಳ್ಳಬೇಕು. ಸಂಸ್ಥೆ ಸಂಜೆಯ ಊಟವನ್ನು ತಾನೇ ಮಾಡಿಕೊಡುವುದಾಗಿ ಒಪ್ಪಿತ್ತು. ಶಾಕಾಹಾರವೆಂದರೆ ಅವರ ಲೆಕ್ಕದಲ್ಲಿ ಮಾಂಸವನ್ನು ತೆಗೆದಿಟ್ಟ ಊಟ, ಅಂದರೆ ಬೇಯಿಸಿದ ಆಲೂಗಡ್ಡೆ, ಕುಂಬಳ, ಬ್ರೆಡ್ಡು. ಎರಡು ಸಂಜೆ ಅದನ್ನು ಸಂತೋಷದಿಂದ ತಿನ್ನಬಹುದು. ನಮ್ಮನ್ನು ಕಾಪಾಡಿದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಫ್ರಿಜ್ ಬೇಡ, ಒಲೆ ಬೇಡ, ಧೂಳಿನ ದಾರಿಯಲ್ಲಿ ಕೆಡುವುದಿಲ್ಲ. ಶಿಬಿರದ ಬುತ್ತಿಗೆ ಇದಕ್ಕಿಂತ ಉತ್ತಮವಾದುದನ್ನು ಯಾರೂ ಕಂಡುಹಿಡಿದಿಲ್ಲವೆಂದು ಆ ಮಾರ್ಗದರ್ಶಿಯೇ ಒಪ್ಪಿಕೊಂಡ. ಹಾಲಿನ ತಿನಿಸುಗಳಿಗೆ ಗಡಿಗಳಲ್ಲಿ ನಿರ್ಬಂಧಗಳಿರುವುದರಿಂದ ಪೇಢೆಯನ್ನು ಊರಿನಲ್ಲೇ ಬಿಟ್ಟು ಹೋಗುವುದು ಜಾಣತನ. ಮಾವುನ್‌ನ ಅಂಗಡಿಗಳಲ್ಲಿ ಜೋಳದ ಹಿಟ್ಟು ಧಾರಾಳವಾಗಿ ಸಿಗುತ್ತದೆ, ಏಕೆಂದರೆ ಅಲ್ಲಿಯವರ ಗಂಜಿಯೂ ಬಹುಮಟ್ಟಿಗೆ ಜೋಳದ್ದೇ, ಮತ್ತು ಜೋಳದ ತವರು ಆಫ್ರಿಕಾವೇ. ಆದರೆ ಹಿಟ್ಟು ತರಿತರಿಯಾಗಿರುತ್ತದೆ, ಬಡಿದು ರೊಟ್ಟಿ ಮಾಡಲು ಬರುವುದಿಲ್ಲ. ನುಚ್ಚು ಮಾಡಿ ಮೊಸರಿನೊಂದಿಗೆ ಉಣ್ಣಲು ಬಹಳ ಚೆನ್ನಾಗಿದೆ. ಮಾಂಸ ತಿನ್ನುವವರಿಗೆ ಬೇರೊಂದು ತೊಡಕಿದೆ. ಕಾಡೆಮ್ಮೆಗಳಿಂದ ಸಾಕುದನಗಳಿಗೆ ಕಾಲುಬಾಯಿ ರೋಗ ಹರಡದಂತೆ ದೇಶದ ಉದ್ದಗಲಕ್ಕೂ ಪಶುವೈದ್ಯ ಇಲಾಖೆಯ ಬೇಲಿಗಳಿದ್ದು, ಕೆಲವು ದಿಕ್ಕುಗಳಲ್ಲಿ ಹಸಿ ಮಾಂಸವನ್ನು ದಾಟಿಸಲು ಬಿಡುವುದಿಲ್ಲ, ಪಾದರಕ್ಷೆಯ ತಳವನ್ನು ಔಷಧದ ನೀರಿನಲ್ಲಿ ಅದ್ದಿಸುತ್ತಾರೆ.

ಈಗ ದೂರುಗಳು. ನಮ್ಮ ಗಾಡಿಯ ಎರಡನೆಯ ಬ್ಯಾಟರಿ ಹಳೆಯದು. ಖ್ವಾಯ್ ತಲುಪುವಷ್ಟರಲ್ಲಿ ರಾತ್ರಿ ಫ್ರಿಜ್ ಆರಿಹೋಗತೊಡಗಿತು. ಇಂಥ ದಾರಿಯಲ್ಲಿ ದುರಸ್ತಿ ಅಂಗಡಿ ಇರುವುದಿಲ್ಲವೆಂದು ತಿಳಿದೂ ಹೊರಡುವ ಮೊದಲು ಬ್ಯಾಟರಿಯನ್ನು ಪರೀಕ್ಷಿಸದಿರುವುದು ಗಂಭೀರ ಲೋಪ. ಮಾರ್ಗದರ್ಶಿ ನಮ್ಮ ತರಕಾರಿಯನ್ನು ತನ್ನ ಗಾಡಿಯ ಫ್ರಿಜ್ಜಿಗೆ ವರ್ಗಾಯಿಸಿ ಮಾನ ಉಳಿಸಿದ, ಆದರೆ ಕಚೇರಿಯಿಂದ ಒಂದು ಕ್ಷಮೆಯ ಮಾತೂ ಬರಲಿಲ್ಲ. ಎರಡನೆಯದು ಬೆಲೆಪಟ್ಟಿ. ಉದ್ಯಾನದ ಪ್ರವೇಶ ಶುಲ್ಕ, ಗಾಡಿಯ ಶುಲ್ಕ, ಶಿಬಿರದ ಶುಲ್ಕ ಮೂರೂ ಬೇರೆ ಬೇರೆ. ಶಿಬಿರಗಳನ್ನು ಖಾಸಗಿಯವರು ನಡೆಸುವುದರಿಂದ ವಿದೇಶಿಗರಿಗೆ ಕೆಲವು ಕಡೆ ತಲೆಗೆ ರಾತ್ರಿಗೆ 50 ಡಾಲರಿನ ಆಸುಪಾಸು ಬೀಳುತ್ತದೆ. ಬರಿ ನೆಲ, ಒಂದು ನಲ್ಲಿ, ಬೆಂಕಿಯ ಗೂಡಿಗೆ ಇದು ದುಬಾರಿಯೇ. ಅದು ಸಂಸ್ಥೆಯ ತಪ್ಪಲ್ಲ. ಆದರೆ ಇದರಲ್ಲಿ ಯಾವುದು ಒಟ್ಟು ಮೊತ್ತದಲ್ಲಿದೆ, ಯಾವುದು ಇಲ್ಲ ಎಂಬುದನ್ನು ಕೊನೆಯ ವಾರದ ತನಕ ಸ್ಪಷ್ಟಪಡಿಸದಿರುವುದು ತಪ್ಪು. ಡೀಸೆಲ್ ಕೂಡ ನಮ್ಮದೇ. ಮಾವುನ್ ಬಿಟ್ಟರೆ ಈ ದಾರಿಯಲ್ಲಿ ಕಸಾನೆಯ ತನಕ ಬಂಕ್ ಇಲ್ಲ, ಮರಳಿನಲ್ಲಿ ಗಾಡಿ ಕುಡಿಯುವುದೂ ಹೆಚ್ಚು. ಗಾಡಿಯ ಜಖಂ ಭದ್ರತೆಗೆಂದು ಕ್ರೆಡಿಟ್ ಕಾರ್ಡಿನಲ್ಲಿ ತಡೆಹಿಡಿಯುವ ದೊಡ್ಡ ಮೊತ್ತವನ್ನೂ ಮೊದಲೇ ಯೋಚಿಸಿಡಬೇಕು. ಡೆಬಿಟ್ ಕಾರ್ಡನ್ನು ಒಪ್ಪುವುದಿಲ್ಲ.

ಹಕ್ಕಿಗಳನ್ನು ನೋಡುವವರಿಗೆ ಈ ದಾರಿ ಪ್ರತ್ಯೇಕ ಬರಹಕ್ಕೆ ಯೋಗ್ಯ. ನಮ್ಮ ರಾಜ್ಯಪಕ್ಷಿ ನೀಲಕಂಠದ ಹತ್ತಿರದ ನೆಂಟ, ಎದೆಯಲ್ಲಿ ನೇರಳೆ ಬಣ್ಣ ಹೊತ್ತ ಹಕ್ಕಿ, ದಾರಿಯುದ್ದಕ್ಕೂ ಒಣಕೊಂಬೆಗಳ ತುದಿಯಲ್ಲಿ ಕುಳಿತಿರುತ್ತದೆ. ಸವೂಟಿಯ ಬಯಲಿನಲ್ಲಿ ಕೋರಿ ಬಸ್ಟರ್ಡ್ ಎಂಬ ಭಾರಿ ಹಕ್ಕಿ ಗಂಭೀರವಾಗಿ ನಡೆಯುವುದನ್ನು ಗಾಡಿ ನಿಲ್ಲಿಸಿ ನೋಡಿದೆವು. ಅದು ಬೋಟ್ಸ್ವಾನಾದ ರಾಷ್ಟ್ರಪಕ್ಷಿ, ನಮ್ಮ ಎರ್ಲಡ್ಡುವಿನ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕುಲದ್ದೇ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಒಮ್ಮೆ ಹೀಗೆಯೇ ನಡೆಯುತ್ತಿದ್ದ ಎರ್ಲಡ್ಡುವನ್ನು ಈಗ ಅಲ್ಲಿ ನಿರೀಕ್ಷಿಸುವಂತಿಲ್ಲ ಎಂಬುದು ಹಾವೇರಿ ಕಡೆಯವರಿಗೆ ಗೊತ್ತು. ಕಸಾನೆಯಲ್ಲಿ ಹಿಂದೆ ಜೈಲಾಗಿ ಬಳಸಿದ ಟೊಳ್ಳು ಬಾವೊಬಾಬ್ ಮರವೊಂದಿದೆ. ಸವಣೂರಿನ ದೊಡ್ಡಹುಣಸೆ ಮಠದ ಮರಗಳನ್ನು ಕಂಡವರಿಗೆ ಅದರ ಗಾತ್ರ ಹೊಸದೆನಿಸದು, ಎರಡೂ ಒಂದೇ ಜಾತಿಯವು.

ಯಾರಿಗೆ ಇದು ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಕಡಿಮೆ ದಿನಗಳಲ್ಲಿ ಹೆಚ್ಚು ಪ್ರಾಣಿಗಳನ್ನು ನೋಡುವುದಷ್ಟೇ ಬೇಕಾದವರು ಕಸಾನೆಯಲ್ಲಿ ಲಾಡ್ಜ್ ಹಿಡಿದು, ಚೋಬೆ ನದಿಯ ದೋಣಿ ಸಫಾರಿ ಮತ್ತು ತೆರೆದ ಜೀಪಿನ ಸಫಾರಿ ಮಾಡುವುದು ಲೇಸು. ಎತ್ತರದ ತೆರೆದ ಜೀಪಿನಿಂದ ಕಾಣುವಷ್ಟು ಹೈಲಕ್ಸ್ ಕಿಟಕಿಯಿಂದ ಕಾಣುವುದಿಲ್ಲ. ಸ್ವಂತ ಗಾಡಿಯವರಿಗೆ ರಾತ್ರಿ ಸಫಾರಿಗೂ ಅನುಮತಿಯಿಲ್ಲ, ಹೊತ್ತು ಮುಳುಗುವ ಮೊದಲು ಶಿಬಿರ ಸೇರಲೇಬೇಕು. ದಿನವಿಡೀ ಗಾಡಿಯಿಂದ ಇಳಿಯದೆ ಕೂರಲಾರದ ಚಿಕ್ಕ ಮಕ್ಕಳಿಗೂ ಈ ದಾರಿ ಶಿಕ್ಷೆಯೇ. ಗಾಡಿ ಓಡಿಸುವುದನ್ನೇ ಪ್ರೀತಿಸುವವರು, ತಿಳಿದವನೊಬ್ಬ ಮುಂದಿದ್ದರೆ ಕಲಿಯಲು ಸಿದ್ಧರಿರುವವರು ನಿಶ್ಚಿಂತೆಯಿಂದ ಹೋಗಬಹುದು. ಬ್ಯಾಟರಿ ಮತ್ತು ಬೆಲೆಪಟ್ಟಿಯ ಲೋಪಗಳಿಗೆ ಒಂದು ಅಂಕ ಕಳೆದು, ಐದರಲ್ಲಿ ನಾಲ್ಕು ಕೊಡುತ್ತೇನೆ. ಆ ನಾಲ್ಕರಲ್ಲಿ ಮೂರು ಮಾರ್ಗದರ್ಶಿಯವು.

ಜುಲೈಯಿಂದ ಅಕ್ಟೋಬರ್ ತನಕದ ಶಿಬಿರಗಳು ಬಹಳ ಮುಂಚೆಯೇ ತುಂಬಿಹೋಗುತ್ತವೆ, ಆದ್ದರಿಂದ ಹಿಂದಿನ ವರ್ಷವೇ ಕಾಯ್ದಿರಿಸುವುದು ಒಳ್ಳೆಯದು. ಅಕ್ಟೋಬರ್‌ನಲ್ಲಿ ಸೆಕೆ 40 ಡಿಗ್ರಿ ದಾಟುತ್ತದೆ ಎಂಬುದನ್ನೂ ಗಮನಿಸಬೇಕು. ಮುಂಗಡ ಕಳಿಸುವ ಮೊದಲು ಸಂಸ್ಥೆಯಿಂದ ಈ ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಒಬ್ಬ ಮಾರ್ಗದರ್ಶಿಯ ಹಿಂದೆ ಎಷ್ಟು ಗಾಡಿಗಳು, ಶಿಬಿರಗಳ ಕಾಯ್ದಿರಿಸುವಿಕೆ ಖಚಿತವಾಗಿದೆಯೇ ಇಲ್ಲವೇ ಬದಲಿ ಜಾಗವೋ, ಮಾರ್ಗದರ್ಶಿ ಈ ದಾರಿಯನ್ನು ಅದೇ ಋತುವಿನಲ್ಲಿ ಮೊದಲು ಮಾಡಿದ್ದಾನೆಯೇ, ಮತ್ತು ಫ್ರಿಜ್ಜಿನ ಬ್ಯಾಟರಿಯನ್ನು ಕೊನೆಯ ಸಲ ಬದಲಿಸಿದ್ದು ಯಾವಾಗ.